ಕಂಬದ ಸಲಾಂ

ನಮ್ಮ ಏರಿ ಕ್ಲಬ್ಬಿನ ಆಡಳಿತ ಮಂಡಳಿಯ ಬಗ್ಗೆ ನನ್ನನ್ನು ಕೇಳಬೇಡಿ. ಕೇಳಿದರೆ ಹೇಳುತ್ತೇನೆ, ಹೇಳಲು ಶುರು ಮಾಡಿದರೆ ನಿಮ್ಮ ಕೈಯಲ್ಲಿರುವ ಚಹಾ ಆರಿಹೋಗುತ್ತದೆ. ಶಿಕಾರಿಪುರದ ಕೆರೆ ಏರಿಯ ಕೆಳಗಿನ ಬಯಲಿನಲ್ಲಿ ಈ ಫುಟ್‌ಬಾಲ್ ಕ್ಲಬ್ಬು ಹುಟ್ಟಿದಾಗ ನನಗೆ ಮೀಸೆ ಆಗತಾನೇ ಚಿಗುರುತ್ತಿತ್ತು, ಈಗ ಗಡ್ಡವೆಲ್ಲ ಬೆಳ್ಳಗಾಗಿದೆ. ಇಷ್ಟು ವರ್ಷದಲ್ಲಿ ನಾನು ಒಂದು ಗೋಲು ಹೊಡೆದವನಲ್ಲ, ಒಂದು ಪಂದ್ಯ ತಪ್ಪಿಸಿದವನೂ ಅಲ್ಲ. ಗೆರೆಯ ಆಚೆ ನಿಂತು ಕೂಗುವುದೇ ನನ್ನ ಪೊಸಿಷನ್ನು.

ಶಿರಾಳಕೊಪ್ಪ ರಸ್ತೆಯಲ್ಲಿ ನನ್ನದೊಂದು ಬೈಕಿನ ಸೀಟ್ ಕವರ್ ಹೊಲಿಯುವ ಅಂಗಡಿ ಇದೆ. ಇನಾಯತ್ ಉಲ್ಲಾ ಎಂದರೆ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ, ಫುಟ್‌ಬಾಲ್ ಸಾಬ್ರು ಎಂದರೆ ಯಾರು ಬೇಕಾದರೂ ಕರೆತಂದು ಬಿಡುತ್ತಾರೆ. ಅಂಗಡಿಯ ಹೊಲಿಗೆ ಮಶೀನಿನ ಮುಂದೆ ಕೂರುವವನು ನನ್ನ ಅಕ್ಕ ಅಕ್ತರ್ ಬೀಯ ಮಗ ಮೊಯಿನ್. ಏರಿ ಕ್ಲಬ್ಬಿನ ಗೋಲ್‌ಕೀಪರ್ ಅವನೇ. ತನ್ನ ಗ್ಲೌಸನ್ನು ತಾನೇ ಹೊಲಿದುಕೊಂಡ ಹುಡುಗ. ಒಳಗೆ ಸೀಟಿಗೆ ಹಾಕುವ ಫೋಮು, ಅಂಗೈಗೆ ಜಾರದಂಥ ದಪ್ಪ ರೆಕ್ಸಿನ್. ಅಂಗಡಿಯಿಂದ ಕೊಳ್ಳಬಹುದಿತ್ತು, ಆದರೆ ಅವನ ಬೆರಳಿಗೆ ಅವನ ಹೊಲಿಗೆಯೇ ಸರಿಹೋಗುತ್ತಿತ್ತು.

ಪಂಚಾಕ್ಷರಪ್ಪ ಅಧ್ಯಕ್ಷರಾದ ಮೇಲೆ ಕೆಟ್ಟಿತು ಎಲ್ಲಾ. ಪೈಪು, ಪಂಪ್‌ಸೆಟ್ ಮಾರುವ ಮನುಷ್ಯ. ಒಳ್ಳೆಯವರೇ, ಇಲ್ಲ ಅನ್ನುವುದಿಲ್ಲ. ಜೆರ್ಸಿ ಕೊಡಿಸಿದರು, ಬಯಲಿಗೆ ರೋಲರ್ ಹೊಡೆಸಿದರು. ಆದರೆ ಆಫ್‌ಸೈಡ್ ಎಂದರೇನು ಎಂದು ನನ್ನ ಕಿವಿಯಲ್ಲಿ ಮೆಲ್ಲಗೆ ಕೇಳಿದ ಅಧ್ಯಕ್ಷರು ಅವರು! ಟಿವಿಯಲ್ಲಿ ಯಾವ ದೇಶದ ಲೀಗ್ ನೋಡಿದರೋ, "ನಾವೂ ಪ್ರೊಫೆಷನಲ್ ಆಗ್ಬೇಕ್ರೀ" ಎಂದು ಶುರು ಮಾಡಿದರು. ಆಮೇಲೆ ಕೋಚ್ ಬಂದ.

ಕೋಚ್ ಬೇರೆ ಯಾರೂ ಅಲ್ಲ, ಈಸೂರಿನ ವೆಲ್ಡರ್ ಲೋಕಪ್ಪನ ಮಗ ಲೋಕೇಶ. ಲೋಕಪ್ಪ ನನ್ನ ಹಳೆಯ ದೋಸ್ತ್. ಅವನ ಮಗನನ್ನು ನಾನು ಹೆಗಲ ಮೇಲೆ ಕೂರಿಸಿಕೊಂಡು ಮ್ಯಾಚ್ ತೋರಿಸಿದ್ದೇನೆ. ಈಗ ಅವನು ಶಾಲೆಯೊಂದರಲ್ಲಿ ಪಿಟಿ ಮೇಷ್ಟ್ರು, ಎಲ್ಲಿಯೋ ಹೋಗಿ ಕೋಚಿಂಗ್ ಸರ್ಟಿಫಿಕೇಟ್ ತಂದಿದ್ದಾನೆ. ಬಂದವನೇ ಹೇಳಿದ: ಕೀಪರ್ ಚೆಂಡನ್ನು ದೂರ ಒದೆಯಬಾರದು, ಪಕ್ಕದ ಬ್ಯಾಕಿಗೆ ಕೊಡಬೇಕು, ಅಲ್ಲಿಂದ ಆಟ ಕಟ್ಟಿಕೊಂಡು ಹೋಗಬೇಕು. ಕಟ್ಟಿಕೊಂಡು ಹೋಗಲು ಅದೇನು ಹುಲ್ಲಿನ ಕಾರ್ಪೆಟ್ಟೇ? ನಮ್ಮದು ಗರಸು ನೆಲ. ಹತ್ತಡಿ ಉರುಳುವುದರೊಳಗೆ ಚೆಂಡು ಮೂರು ಸಲ ಮನಸ್ಸು ಬದಲಾಯಿಸುತ್ತದೆ. ಇದನ್ನೇ ನಮ್ಮ ಅಭಿಮಾನಿಗಳ ವಾಟ್ಸಾಪ್ ಗ್ರೂಪಿನಲ್ಲಿ ಹೇಳಿದೆ. ನನಗೆ ಟೈಪ್ ಮಾಡಲು ಬರುವುದಿಲ್ಲ, ವಾಯ್ಸ್ ಮೆಸೇಜೇ. ಊರಿನ ಎಲ್ಲ ಗ್ಯಾರೇಜಿನಲ್ಲೂ ನನ್ನ ಧ್ವನಿ ಕೇಳುತ್ತಿತ್ತು.

ಈ ಬೇಸಿಗೆಯಲ್ಲಿ ಸೊರಬದ ಟೂರ್ನಮೆಂಟ್ ಬಂತು. ಸುತ್ತಲಿನ ತಾಲೂಕುಗಳಲ್ಲಿ ಅದನ್ನು ಗೆದ್ದವರಿಗೆ ಒಂದು ಗತ್ತು. ಪಂಚಾಕ್ಷರಪ್ಪನವರು ಗೆಲ್ಲಲೇಬೇಕು ಎಂದು ಮೂವರು ಗೆಸ್ಟ್ ಆಟಗಾರರನ್ನು ಕರೆಸಿದರು. ಗೆಸ್ಟ್ ಎಂದರೆ ಒಂದು ಟೂರ್ನಮೆಂಟಿಗೆ ಮಾತ್ರ ಬಂದು, ನಮ್ಮ ಜೆರ್ಸಿ ಹಾಕಿಕೊಂಡು ಆಡಿ, ಮುಗಿದ ಮೇಲೆ ಬಸ್ಸು ಹತ್ತಿ ಹೋಗುವವರು. ಇಬ್ಬರು ಫಾರ್ವರ್ಡ್. ಆಗಲಿ, ಗೋಲು ಹೊಡೆಯುವವರು ಬೇಕಿತ್ತು. ಮೂರನೆಯವನು ಕೀಪರ್, ಕರಾವಳಿ ಕಡೆಯವನು, ಬಾಗಿಲು ಬಗ್ಗಿ ದಾಟುವಷ್ಟು ಎತ್ತರ. ಇದ್ದ ಕೀಪರನ್ನು ಕೂರಿಸಿ ಇನ್ನೊಬ್ಬ ಕೀಪರ್! ನನಗೆ ಮೈಯೆಲ್ಲ ಉರಿದುಹೋಯಿತು.

ಮೊಯಿನ್ ತನ್ನ ತಾಯಿ ಅಕ್ತರ್ ಆಪಾಳ ಹಾಗೆ, ನೋವಾದರೆ ಕೆಲಸ ಜಾಸ್ತಿ ಮಾಡುತ್ತಾನೆ. ಆ ದಿನ ಅವನು ಮಶೀನ್ ನಿಲ್ಲಿಸಲೇ ಇಲ್ಲ. ಸಂಜೆ ಕತ್ತರಿ ಎತ್ತಿಡುತ್ತಾ ಹೇಳಿದ:

"ಮಾಮು, ಈ ಸಲ ಸೊರಬದಲ್ಲಿ ಆಡ್ಸಿಲ್ಲ ಅಂದ್ರೆ ನಾನು ಗ್ಲೌಸ್ ಮೂಲೆಗೆ ಹಾಕ್ತೀನಿ. ಮತ್ತೆ ಕರೀಬೇಡಿ."

"ಯಾಕೋ, ಹುಚ್ಚು ಹಿಡೀತಾ?"

"ಹೊರಗಿನೋನು ಆಡ್ತಿದ್ರೆ ನಾನು ಬೆಂಚ್ ಒರೆಸ್ಲಾ? ನಂಗೂ ನಾಚಿಕೆ ಆಗತ್ತೆ."

ಆ ಮಾತು ನನಗೆ ಎದೆಗೆ ಚುಚ್ಚಿತು. ಅವನನ್ನು ಗೋಲಿನಲ್ಲಿ ನಿಲ್ಲಿಸದೆ ನಾನು ಸುಮ್ಮನಿರುವುದಿಲ್ಲ ಎಂದು ಅಲ್ಲೇ ತೀರ್ಮಾನ ಮಾಡಿದೆ.

ಇನ್ನೊಂದು ವಿಷಯ ಹೇಳಬೇಕು. ಏರಿ ಕ್ಲಬ್ಬಿನಲ್ಲಿ ಒಂದು ಪದ್ಧತಿ ಇದೆ, ಕಂಬದ ಸಲಾಂ. ಆಟ ಶುರುವಾಗುವ ಮುಂಚೆ ನಮ್ಮ ಕೀಪರ್ ಓಡಿಬಂದು ಹಾರಿ, ಗೋಲಿನ ಅಡ್ಡಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದು, ಒಂದು ಜೀಕು ಹೊಡೆದು ಇಳಿಯುತ್ತಾನೆ. ಆಗ ನಾವೆಲ್ಲ "ಸಲಾಂ" ಎಂದು ಕೂಗುತ್ತೇವೆ. ಬಯಲಿನಲ್ಲಿ ಮೊದಲ ಗೋಲುಗಂಬ ನೆಟ್ಟ ದಿನದಿಂದ ಬಂದದ್ದು ಇದು. ಲೋಕಪ್ಪ ಹಳೆಯ ಪೈಪು ಜೋಡಿಸಿ ವೆಲ್ಡಿಂಗ್ ಮಾಡಿದ್ದ, ಗುಂಡಿ ತೋಡಿ ಕಾಂಕ್ರೀಟ್ ಹಾಕಿದ್ದೆವು. ನಮ್ಮ ಮೊದಲ ಕೀಪರ್ ಅಸ್ಲಂ, ಅಲ್ಲಾಹ್ ಅವನಿಗೆ ಜನ್ನತ್ ಕೊಡಲಿ, ಕಂಬ ಗಟ್ಟಿ ನಿಂತಿದೆಯೋ ಇಲ್ಲವೋ ನೋಡೋಣ ಎಂದು ಹಾರಿ ಜೋತುಬಿದ್ದ. ಕಂಬ ಅಲುಗಲಿಲ್ಲ. ಅವತ್ತು ಗೆದ್ದೆವು. ಅವತ್ತಿನಿಂದ ಸಲಾಂ ಹೊಡೆಯದೆ ಏರಿ ಕೀಪರ್ ಗೋಲಿನಲ್ಲಿ ನಿಂತಿರಲಿಲ್ಲ. ಈ ಕಥೆಯನ್ನು ನಾನು ಮೊಯಿನ್‌ಗೆ ಅವನು ತೊದಲುವ ಕಾಲದಿಂದ ಹೇಳಿದ್ದೇನೆ.

ಲೋಕೇಶ ಬಂದವನೇ ಇದನ್ನು ನಿಲ್ಲಿಸಿದ. ಗ್ರೂಪಿನಲ್ಲಿ ಬರೆದ: 'ನಮ್ಮ ಬಯಲಿನ ಕಂಬ ಸರಿ. ಹೊರಗಿನ ಗ್ರೌಂಡ್‌ಗಳಲ್ಲಿ ಈಗ ಹೊತ್ತು ತಂದಿಡೋ ಪೋಸ್ಟ್ ಬಂದಿವೆ. ಯಾರೂ ಜೋತು ಬೀಳಬಾರದು.' ನನಗೆ ನಗು ಬಂತು. ಮೈಕಿನ ಗುಂಡಿ ಒತ್ತಿ ಹೇಳಿದೆ: "ಲೋಕೇಶ ಮೇಷ್ಟ್ರೇ, ನಾಳೆ ಚೆಂಡು ಒದಿಯೋದೂ ಬ್ಯಾಡ ಅಂತೀರೇನು, ಕಾಲು ನೋವಾಗತ್ತೆ ಅಂತ? ನಮ್ಮ ಅಸ್ಲಂ ಭಾಯ್ ಸರ್ಟಿಫಿಕೇಟ್ ಇಲ್ದೆ ಜೋತುಬಿದ್ದಿದ್ದು ಕಣಪ್ಪಾ." ಗ್ರೂಪಿನ ತುಂಬಾ ನಗುವ ಮುಖಗಳು ಉದುರಿದವು. ಲೋಕೇಶ ಮತ್ತೆ ಏನೂ ಬರೆಯಲಿಲ್ಲ. ಲೋಕಪ್ಪ ಕೂಡ ಗ್ರೂಪಿನಲ್ಲಿದ್ದ, ಅವನೂ ಮಾತಾಡಲಿಲ್ಲ.

ಸೊರಬದ ಆಟ ನಡೆದದ್ದು ಚಂದ್ರಗುತ್ತಿ ರಸ್ತೆಯ ಪಕ್ಕ, ಕೊಯ್ಲು ಮುಗಿದ ಗದ್ದೆಯಲ್ಲಿ. ಕೂಳೆ ಕಿತ್ತು, ನೀರು ಹೊಡೆದು, ರೋಲರ್ ಓಡಿಸಿದ್ದರು. ಗದ್ದೆಯ ಯಜಮಾನರು ಆಡಲು ಬಿಟ್ಟಿದ್ದರು, ಗುಂಡಿ ತೋಡಲು ಬಿಟ್ಟಿರಲಿಲ್ಲ. ಹಾಗಾಗಿ ಕಬ್ಬಿಣದ ಪೈಪಿನ ಗೋಲು ತಂದು ನಿಲ್ಲಿಸಿ, ನೆಲಕ್ಕೆ ತಾಗಿದ ಹಿಂದಿನ ಪಟ್ಟಿಯ ಮೇಲೆ ಭಾರಕ್ಕೆಂದು ಮರಳಿನ ಚೀಲ ಹೇರಿದ್ದರು. ನಾನು ಅದನ್ನೆಲ್ಲ ನೋಡಿದ್ದೆ. ನೋಡಲು ಏನಿದೆ, ಗೋಲು ಎಂದರೆ ಗೋಲು.

ಸೆಮಿಫೈನಲ್ ದಿನ ಗೆಸ್ಟ್ ಕೀಪರ್ ನನ್ನ ಮಾತನ್ನೆಲ್ಲ ನಿಜ ಮಾಡಿದ. ಲೋಕೇಶನ ಪಾಠದಂತೆ ಬ್ಯಾಕಿಗೆ ಕೊಡಲು ಹೋಗಿ, ಚೆಂಡು ಮಣ್ಣಿನ ಹೆಂಟೆಗೆ ಬಡಿದು ಎಗರಿ, ಎದುರಾಳಿಯ ಕಾಲಿಗೇ ಹೋಯಿತು. ಬರಿದಾಗಿದ್ದ ಗೋಲಿಗೆ ಅವನು ಸುಮ್ಮನೆ ತಳ್ಳಿದ. ಎರಡನೇ ಸಲವೂ ಹಾಗೆಯೇ. ನಮ್ಮ ಫಾರ್ವರ್ಡುಗಳು ಹೇಗೋ ಹೆಚ್ಚು ಹೊಡೆದು ಉಳಿಸಿಕೊಂಡರು. ಫೈನಲಿಗೆ ಬಂದೆವು ಎಂದು ಉಳಿದವರು ಕುಣಿಯುತ್ತಿದ್ದರೆ ನಾನು ಗಂಟಲು ಹರಿಯುವಂತೆ ಬೈಯುತ್ತಿದ್ದೆ. "ಥೂ, ಇದಕ್ಕೆ ಮೊಯಿನ್‌ನ ಕೂರ್ಸಿದ್ರಾ? ಎಲ್ಲಿಂದ ಹಿಡ್ಕಂಡ್ ಬಂದ್ರಿ ಈ ಮಹಾಶಯನ್ನ?" ಬೆಂಚಿನ ತುದಿಯಲ್ಲಿ ಮೊಯಿನ್ ಗ್ಲೌಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನನ್ನ ಕಡೆ ನೋಡಿ ಸುಮ್ಮನಿರಿ ಎಂದು ಕೈ ಸನ್ನೆ ಮಾಡಿದ.

ನಾನು ಸುಮ್ಮನಿರಲಿಲ್ಲ. ಊರಿಗೆ ಬಂದವನೇ ವಾಯ್ಸ್ ಮೆಸೇಜು ಬಿಟ್ಟೆ. ಮಾರನೆಯ ದಿನ ಪಂಚಾಕ್ಷರಪ್ಪನವರ ಅಂಗಡಿಯ ಮುಂದೆ ಜನವೋ ಜನ. ಗ್ಯಾರೇಜಿನವರು, ಹಣ್ಣಿನವರು, ಆಟೋದವರು. ಲೋಕೇಶನನ್ನೂ ಕರೆಸಿದರು.

"ಏನ್ರೀ ಇನಾಯತ್ ಸಾಬ್ರೆ, ವ್ಯಾಪಾರ ಮಾಡಾಕೆ ಬಿಡ್ತೀರೋ ಇಲ್ವೋ?" ಎಂದರು ಪಂಚಾಕ್ಷರಪ್ಪ.

"ಅಧ್ಯಕ್ಷ್ರೆ, ಏರಿ ಕ್ಲಬ್ಬಿನ ಗೋಲಲ್ಲಿ ಏರಿ ಹುಡುಗ ನಿಲ್ಬೇಕು. ಫೈನಲ್ ಮೊಯಿನ್‌ಗೆ ಕೊಡ್ರಿ. ಸಲಾಂ ನಿಲ್ಸಿದ ಮೇಲೇ ನಮಗೆ ಈ ಗತಿ ಬಂದಿರೋದು. ಅದನ್ನೂ ವಾಪಸ್ ಕೊಡ್ರಿ."

ಲೋಕೇಶ ನನ್ನ ಹತ್ತಿರ ಬಂದ. ಎಲ್ಲರೆದುರು ಗಟ್ಟಿಯಾಗಿ ಮಾತಾಡುವ ಹುಡುಗ ಅಲ್ಲ ಅವನು. "ಕಾಕಾ, ಮೊಯಿನ್ ಆಡ್ಲಿ. ನಂದು ತಪ್ಪಾಗಿದೆ, ಆ ನೆಲಕ್ಕೆ ಆ ಆಟ ಆಗಲ್ಲ. ಒಪ್ಕೋತೀನಿ. ಆದ್ರೆ ಜೋತು ಬೀಳೋದು ಮಾತ್ರ ಬೇಡ."

"ಅರ್ಧ ಒಪ್ಕಂಡ್ರೆ ಆಗಲ್ಲಪ್ಪಾ. ಎರಡೂ ಬೇಕು."

"ಕಾಕಾ, ಪೋಸ್ಟ್ ನೋಡಿದೀರಾ ನೀವು?"

"ನಿಮ್ಮಪ್ಪ ಪೋಸ್ಟ್ ಮಾಡಿದಾಗ ನೀನು ಹುಟ್ಟೇ ಇರ್ಲಿಲ್ಲ," ಎಂದೆ. ಜನ ಹೋ ಎಂದರು. ಪಂಚಾಕ್ಷರಪ್ಪ ಕೈ ಮುಗಿದು, "ಆಯ್ತ್ರೀ, ಆಯ್ತ್ರೀ, ಎರಡೂ ಮಾಡ್ಕಳ್ರಿ, ನನ್ನ ಬಿಡ್ರಿ" ಎಂದರು. ನನ್ನ ಜೀವಮಾನದಲ್ಲಿ ಆಡಳಿತ ಮಂಡಳಿ ನನ್ನ ಮಾತು ಕೇಳಿದ್ದು ಅದೊಂದೇ ಸಲ. ಅಂಗಡಿಗೆ ಬಂದು ಮೊಯಿನ್‌ನ ಬೆನ್ನು ತಟ್ಟಿದೆ. ಅವನು ಗ್ಲೌಸಿನ ಹೊಲಿಗೆ ಬಿಚ್ಚಿ, ಹೊಸ ರೆಕ್ಸಿನ್ ಹಾಕಿ ಹೊಲಿಯಲು ಕೂತ. ಅವನು ಆ ದಿನದಷ್ಟು ಸಂತೋಷವಾಗಿದ್ದದ್ದನ್ನು ನಾನು ನೋಡಿರಲಿಲ್ಲ.

ಫೈನಲ್ ದಿನ ಗಾಳಿ ಜಾಸ್ತಿ ಇತ್ತು. ಮುಖ್ಯ ಅತಿಥಿಗಳಿಗೆ ಹಾಕಿದ್ದ ಶಾಮಿಯಾನ ಪಟಪಟ ಹೊಡೆದುಕೊಂಡು ಏಳುತ್ತಿತ್ತು. ಕಾರ್ಯಕರ್ತರಿಬ್ಬರು ಓಡಿಬಂದು ಗೋಲಿನ ಹಿಂದಿದ್ದ ಮರಳಿನ ಚೀಲಗಳನ್ನು ಎತ್ತಿಕೊಂಡು ಹೊರಟರು. ನಾನು ಅಲ್ಲೇ ಇದ್ದೆ.

"ಎಲ್ಲಿಗಪ್ಪಾ ಮೆರವಣಿಗೆ?" ಎಂದೆ.

"ಎಂತ ಮಾಡದು ಮಾರಾಯ್ರೆ, ಶಾಮಿಯಾನ ಹಾರಿ ಹೋಗ್ತದೆ. ಒಂಚೂರು ಗಾಳಿ ನಿಂತ್ಮೇಲೆ ತಂದಿಡ್ತೀವಿ."

ನಾನು ಫೋನು ತೆಗೆದು ಅವರ ವಿಡಿಯೋ ಮಾಡಿ ಗ್ರೂಪಿಗೆ ಹಾಕಿದೆ. "ನೋಡ್ರಪ್ಪಾ ಫುಟ್‌ಬಾಲ್ ಗತಿ. ಆಟಗಾರರಿಗೆ ಬಿಸಿಲು, ಭಾಷಣದವರಿಗೆ ಮರಳಿನ ಚೀಲ." ಒಳ್ಳೆಯ ಮಾತು ಹೊಳೆಯಿತು ಎಂದು ನನಗೇ ಖುಷಿಯಾಯಿತು. ಆ ವಿಡಿಯೋ ಈಗಲೂ ಫೋನಿನಲ್ಲಿದೆ. ಅದರಲ್ಲಿ ಚೀಲ ಹೋಗುವುದು ಕಾಣುತ್ತದೆ, ಗೋಲಿನ ಹಿಂದಿನ ಪಟ್ಟಿ ಬರಿದಾಗುವುದು ಕಾಣುತ್ತದೆ, ನಾನು ನಗುವುದು ಕೇಳಿಸುತ್ತದೆ.

ತಂಡಗಳು ಬಂದವು. ಮೊಯಿನ್ ಹೊಸ ಗ್ಲೌಸ್ ಹಾಕಿಕೊಂಡು ಗೋಲಿನ ಕಡೆ ನಡೆದ. ಆ ತುದಿಯಲ್ಲಿ ಲೋಕೇಶ ರೆಫರಿಯ ಜೊತೆ ಏನೋ ಮಾತಾಡುತ್ತಿದ್ದ. ಮೊಯಿನ್ ಅಡ್ಡಪಟ್ಟಿಯ ಕೆಳಗೆ ನಿಂತು ಮೇಲೆ ನೋಡಿದ, ಕೈಯೆತ್ತಲಿಲ್ಲ. ತಿರುಗಿ ನನ್ನನ್ನು ಹುಡುಕಿದ. ಲೋಕೇಶ್ ಸರ್ ಬೇಡ ಅಂದಿದ್ದಾರಲ್ಲ ಎನ್ನುವ ಮುಖ ಅದು. ನನಗೆ ಅರ್ಥವಾಯಿತು. ಅರ್ಥವಾಗಿಯೂ ನಾನು ಎರಡೂ ಕೈಯನ್ನು ಬಾಯಿಗೆ ಕೊಟ್ಟು ಕೂಗಿದೆ.

"ಸಲಾಂ ಹೊಡೀ, ಬೇಟಾ!"

ಹಿಂದಿದ್ದವರು ಹಿಡಿದುಕೊಂಡರು. ಸಲಾಂ, ಸಲಾಂ, ಸಲಾಂ. ಶಿಕಾರಿಪುರದಿಂದ ಬಂದ ಎರಡು ಟೆಂಪೋ ಜನ ಅಷ್ಟೂ ಒಂದೇ ಗಂಟಲು. ಮೊಯಿನ್ ಸಣ್ಣಗೆ ನಕ್ಕ. ನಾಲ್ಕು ಹೆಜ್ಜೆ ಹಿಂದೆ ಹೋಗಿ, ಓಡಿಬಂದು ಹಾರಿದ.

ಹಿಡಿದ. ಜೀಕು ಹೊಡೆದ. ಗೋಲು ಅವನ ಜೊತೆಯೇ ಬಂತು.

ಹಿಂದಿನ ಪಟ್ಟಿ ನೆಲ ಬಿಟ್ಟು ಏಳುವುದನ್ನು ನೋಡಿದೆ. ಬಲೆ ಮೇಲೆದ್ದಿತು. ಮೊಯಿನ್ ಬೆನ್ನ ಮೇಲೆ ಬಿದ್ದ, ಅಡ್ಡಪಟ್ಟಿ ಅವನ ತಲೆಯ ಆಚೆಗೆ ಬಂದು ನೆಲಕ್ಕೆ ಅಪ್ಪಳಿಸಿತು. ತಲೆಗೆ ತಾಗಲಿಲ್ಲ, ಎದೆಗೆ ತಾಗಲಿಲ್ಲ. ಅವನು ಕೈ ಬಿಟ್ಟಿರಲಿಲ್ಲ. ಚೆಂಡು ಹಿಡಿದರೆ ಬಿಡಬಾರದು ಎಂದು ನಾವೇ ಕಲಿಸಿದ ಕೈ. ಆ ಕೈಬೆರಳುಗಳು ಕಬ್ಬಿಣಕ್ಕೂ ರೋಲರ್ ಹೊಡೆದ ನೆಲಕ್ಕೂ ನಡುವೆ ಸಿಕ್ಕವು. ಅವನ ಕೂಗು ನಮ್ಮ 'ಸಲಾಂ' ನಿಲ್ಲುವ ಮೊದಲೇ ಬಂತು. ಹಿಂದೆ ನಿಂತವರಿಗೆ ಗೊತ್ತಾಗದೆ ಇನ್ನೂ ಕೂಗುತ್ತಲೇ ಇದ್ದರು.

ಲೋಕೇಶ ಎಲ್ಲರಿಗಿಂತ ಮೊದಲು ಮುಟ್ಟಿದ.

ಸೊರಬದಲ್ಲಿ ಕಟ್ಟು ಹಾಕಿ ಶಿವಮೊಗ್ಗಕ್ಕೆ ಕಳಿಸಿದರು. ಗ್ಲೌಸನ್ನು ಬಿಚ್ಚಲು ಆಗದೆ ಕತ್ತರಿಯಲ್ಲಿ ಕತ್ತರಿಸಿ ತೆಗೆದರು. ಹೊಲಿಗೆ ಗಟ್ಟಿ ಇದೆ ಎಂದು ನರ್ಸಮ್ಮ ಹೇಳಿದರು. ಬಲಗೈಯಲ್ಲಿ ಎರಡು ಬೆರಳು ತೆಗೆಯಬೇಕಾಯಿತು, ಇನ್ನೆರಡು ಮಡಚುವುದಿಲ್ಲ. ಎಡಗೈ ಬಚಾವಾಯಿತು. ಅಯ್ಯೋ, ಬಚಾವಾಯಿತು ಎನ್ನುವುದಕ್ಕೂ ಬಾಯಿ ಬರುವುದಿಲ್ಲ ನನಗೆ.

ವಾರ್ಡಿನ ಹೊರಗೆ ಅಕ್ತರ್ ಆಪಾ ನೆಲದ ಮೇಲೆ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಹೇಳಲು ಶುರು ಮಾಡಿದೆ. ಆ ಟೂರ್ನಮೆಂಟ್ ಕಮಿಟಿಯವರನ್ನು ಬಿಡುವುದಿಲ್ಲ, ಚೀಲ ಎತ್ತಿಕೊಂಡು ಹೋದವರ ವಿಡಿಯೋ ನನ್ನ ಹತ್ತಿರ ಇದೆ, ಪಂಚಾಕ್ಷರಪ್ಪ ರಾಜೀನಾಮೆ ಕೊಡಬೇಕು, ಹಾಗೆ ಹೀಗೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನೇ ನೋಡಿದಳು.

"ಮೇಷ್ಟ್ರು ಬೇಡ ಅಂದಿದ್ರಂತೆ. ನೀನು ಹಠ ಮಾಡ್ದೆಯಂತೆ. ಹೌದಾ?"

"ಆಪಾ, ಅದು..."

"ನಿನ್ನ ಬಾಯಿ, ಇನಾಯತ್. ನಿನ್ನ ಬಾಯಿ ಅವನ ಕೈ ತಿಂತು." ಇಷ್ಟು ಹೇಳಿ ಎದ್ದು ಒಳಗೆ ಹೋದಳು. ಅವಳು ನನ್ನನ್ನು ಹೊಡೆದಿದ್ದರೆ ವಾಸಿಯಿತ್ತು.

ಗ್ರೂಪಿನಲ್ಲಿ ನಾನು ಆಮೇಲೆ ಮಾತಾಡಿಲ್ಲ. ಉಳಿದವರು ಮಾತಾಡಿದರು. ಅರ್ಧ ಜನ ಕಮಿಟಿಯನ್ನು ಬೈದರು, ಅರ್ಧ ಜನ ಲೋಕೇಶನನ್ನು ಬೈದರು, ಕೋಚ್ ಆದವನು ತಡೆಯಬೇಕಿತ್ತು ಎಂದು. ಲೋಕೇಶ ಕೋಚ್ ಕೆಲಸ ಬಿಟ್ಟ. ನನ್ನನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಅದು ನನಗೆ ಒಳಗೊಳಗೇ ಕೊರೆಯಿತು, ಆದರೂ ನಾನು ಬಾಯಿಬಿಟ್ಟು ಆ ಹುಡುಗನ ಪರ ಒಂದು ಮಾತು ಹೇಳಲಿಲ್ಲ.

ಕೈಯ ಕಟ್ಟು ಬಿಚ್ಚಿದ ಮೇಲೆ ಮೊಯಿನ್ ಅಂಗಡಿಗೆ ಬಂದ. ನಾನು ಬೇಡ ಎಂದೆ, ಕೇಳಲಿಲ್ಲ. ಎಡಗೈಯಲ್ಲಿ ಮಶೀನಿನ ಸೂಜಿಗೆ ದಾರ ಪೋಣಿಸಲು ನೋಡಿದ, ಆಗದೆ ಹಲ್ಲಿನಿಂದ ದಾರ ಕಚ್ಚಿ ಮತ್ತೆ ನೋಡಿದ. ನಾನು ಬೇರೆ ಕಡೆ ತಿರುಗಿ ಫೋಮು ಕತ್ತರಿಸುತ್ತಾ ಕೂತೆ. ಆಗ ಲೋಕಪ್ಪ ಬಂದ. ಆಸ್ಪತ್ರೆಗೆ ಬಂದಿದ್ದ, ಆಮೇಲೆ ಈ ಕಡೆ ತಲೆ ಹಾಕಿರಲಿಲ್ಲ. ಮಗನ ಮೇಲೆ ಊರು ಮುಗಿಬಿದ್ದಾಗ ನಾನು ಸುಮ್ಮನಿದ್ದದ್ದು ಅವನಿಗೆ ಗೊತ್ತು.

ಚಹಾ ತರಿಸಿದೆ. ಅವನು ಮುಟ್ಟಲಿಲ್ಲ. ಸುಮ್ಮನೆ ಕೂರಲು ಆಗದೆ ನಾನು ಮತ್ತೆ ಅದೇ ಶುರು ಮಾಡಿದೆ. ಕಮಿಟಿ, ಚೀಲ, ಶಾಮಿಯಾನ. ಕೊನೆಗೆ, "ಅಸ್ಲಂ ಕಾಲ್ದಿಂದ ಎಷ್ಟು ಜನ ಜೋತುಬಿದ್ರು ಲೋಕಪ್ಪ, ಯಾರಿಗೂ ಏನೂ ಆಗ್ಲಿಲ್ಲ" ಎಂದೆ.

"ಇನಾಯತ್, ಅಸ್ಲಂ ಜೋತುಬಿದ್ದ ದಿನ ನಿನಗೆ ನೆನಪೈತೇನು?"

"ಯಾಕಿಲ್ಲ? ಹಾರಿದ, ಹಿಡಿದ, ಕಂಬ ಅಲುಗ್ಲಿಲ್ಲ."

"ಕಾಂಕ್ರೀಟು ಇನ್ನೂ ಹಸಿ ಇತ್ತು. ಹೆಂಗೆ ಅಲುಗ್ಲಿಲ್ಲ?"

ಕತ್ತರಿಯನ್ನು ಫೋಮಿನ ಮೇಲಿಟ್ಟೆ.

"ಅವ್ನು ಸುಮ್ಕೆ ಹಾರ್ಲಿಲ್ಲೋ. ಮೊದ್ಲು ಕಂಬ ಅಲ್ಲಾಡ್ಸಿ ನೋಡ್ದ. ಆಮ್ಯಾಲೆ ನಮ್ಮನ್ನ ಕರೆದು, ಹಿಡ್ಕಳ್ರೋ ಅಂದ. ಆ ಕಂಬಕ್ಕೆ ನಾನು, ಈ ಕಂಬಕ್ಕೆ ನೀನು. ನಿನ್ನ ಅಂಗಿಗೆಲ್ಲಾ ಸಿಮೆಂಟ್ ಆಗಿತ್ತು, ನಿಮ್ಮಮ್ಮ ಬೈದ್ರು. ಹಿಡ್ಕಂಡಿವೀ ಅಂತ ನೀನು ಕೂಗಿದ್ ಮ್ಯಾಲೇ ಅವ್ನು ಹಾರಿದ್ದು." ಲೋಕಪ್ಪ ಎದ್ದ. "ನನ್ ಮಗ ಬ್ಯಾಡ ಬ್ಯಾಡ ಅಂದ. ನೀನು ಅವನ್ನ ಊರ್ ಮುಂದೆ ನಗೆಪಾಟ್ಲು ಮಾಡ್ದೆ. ನಾನೂ ಅವತ್ತೇ ಈ ಮಾತು ಹೇಳ್ಬೇಕಿತ್ತು, ಸ್ನೇಹ ಅಂತ ಬಾಯಿ ಮುಚ್ಕಂಡು ಕುಂತೆ. ಇಷ್ಟೇ ಹೇಳಕ್ಕೆ ಬಂದೆ."

ಅವನು ಹೋದ. ಚಹಾ ಅಲ್ಲೇ ಉಳಿಯಿತು. ನೆನಪಾಯಿತು ನನಗೆ. ಹಸಿ ಸಿಮೆಂಟಿನ ವಾಸನೆ, ಪೈಪಿನ ತಣ್ಣನೆಯ ಮೈ, ಅಸ್ಲಂ ಹಾರಿದಾಗ ನನ್ನ ಭುಜಕ್ಕೆ ಬಂದ ಭಾರ, ಎಲ್ಲಾ. ಮರೆತಿರಲಿಲ್ಲ ನಾನು. ಕಥೆ ಹೇಳುವಾಗ ಅದು ಬೇಕೆನಿಸಿರಲಿಲ್ಲ ಅಷ್ಟೇ. ಹಾರಿದವನ ಕಥೆಯನ್ನು ಜನ ಕೇಳುತ್ತಾರೆ, ಕಂಬ ಹಿಡಿದು ನಿಂತವರದ್ದನ್ನು ಯಾರು ಕೇಳುತ್ತಾರೆ ಎಂದು ಬಿಟ್ಟಿದ್ದೆ. ಹಾಗೆ ಬಿಟ್ಟೂ ಬಿಟ್ಟೂ ಅದು ಕಥೆಯಿಂದಲೇ ಹೋಗಿತ್ತು.

ಮಶೀನಿನ ಸೂಜಿಗೆ ಕೊನೆಗೂ ದಾರ ಬಿದ್ದಿತ್ತು. ಮೊಯಿನ್ ತಲೆಯೆತ್ತದೆ ಹೇಳಿದ:

"ಮಾಮು, ಇದನ್ನ ನೀವು ನಂಗೆ ಯಾವತ್ತೂ ಹೇಳ್ಲಿಲ್ಲ."

"ಇಲ್ಲ ಬೇಟಾ."

ಅವನು ಇನ್ನೇನಾದರೂ ಹೇಳುತ್ತಾನೆ ಎಂದು ಕಾದೆ. ಬೈಯಲಿ ಎಂದು ಬೇಡಿಕೊಂಡೆ. ಅವನು ರೆಕ್ಸಿನ್ ತುಂಡನ್ನು ಸೂಜಿಯ ಕೆಳಗೆ ತಳ್ಳಿದ. ಎಡಗೈಯಿಂದ ಒಂದು ಅಂಚು ಹಿಡಿದರೆ ಇನ್ನೊಂದು ಅಂಚು ಜಾರುತ್ತಿತ್ತು. ಬಲಗೈ ಇಟ್ಟು ನೋಡಿದ, ನಿಲ್ಲಲಿಲ್ಲ. ಮತ್ತೆ ಜಾರಿತು.

"ಆ ಕಡೆ ಸ್ವಲ್ಪ ಹಿಡ್ಕೊಳ್ಳಿ," ಎಂದ.

ನಾನು ಎದ್ದು ಹೋಗಿ ಹಿಡಿದುಕೊಂಡೆ.